ಸಿನಿಮಾ ದೃಶ್ಯಗಳ ಮೂಲಕ ಇಂಗ್ಲಿಷ್ ಕ್ವಾಂಟಿಫೈಯರ್ ಕಲಿಸುವುದು: ಶಿಕ್ಷಕರಿಗೆ ಸಮಗ್ರ ಮಾರ್ಗದರ್ಶಿ

ಎಷ್ಟಿದೆ ಎಂದು ಹೇಳುವ ‘ಮೆನಿ’, ‘ಮಚ್’, ‘ಸಮ್’ನಂಥ ಪದಗಳೇ ಕ್ವಾಂಟಿಫೈಯರ್. ‘ಎಣಿಸಲು ಬರುವುದಕ್ಕೆ ಮೆನಿ, ಎಣಿಸಲು ಬಾರದ್ದಕ್ಕೆ ಮಚ್’ ಎಂಬ ನಿಯಮವನ್ನು ಒಂದೇ ಉಸಿರಿಗೆ ಒಪ್ಪಿಸುವ ವಿದ್ಯಾರ್ಥಿಗಳೇ ಮಾತಿಗೆ ನಿಂತರೆ ‘ಹೌ ಮೆನಿ ಲಗೇಜ್’ ಎಂದುಬಿಡುತ್ತಾರೆ. ಅವರಿಗೆ ನಿಯಮ ಚೆನ್ನಾಗಿಯೇ ಗೊತ್ತಿರುತ್ತದೆ. ತೊಡಕಿರುವುದು ಬೇರೆ ಕಡೆ. ಕನ್ನಡದಲ್ಲಿ ಎಷ್ಟು ಜನ ಎಂದರೂ ‘ಎಷ್ಟು’, ಎಷ್ಟು ನೀರು ಎಂದರೂ ‘ಎಷ್ಟು’. ಬಾಯಿ ತೆರೆಯುವ ಮೊದಲೇ ವಸ್ತು ಎಣಿಕೆಯದೋ ಅಳತೆಯದೋ ಎಂದು ತೀರ್ಮಾನಿಸುವ ಅಭ್ಯಾಸ ನಮಗಿಲ್ಲ. ಇಂಗ್ಲಿಷ್ ಆ ತೀರ್ಮಾನವನ್ನು ಕೇಳುತ್ತದೆ, ಅದೂ ಅರೆಕ್ಷಣದಲ್ಲಿ. ಬಿಟ್ಟ ಸ್ಥಳ ತುಂಬುವ ಅಭ್ಯಾಸದಲ್ಲಿ ನಾಮಪದ ಮೊದಲೇ ಅಚ್ಚಾಗಿರುತ್ತದೆ, ಯೋಚಿಸಲು ಸಮಯವೂ ಇರುತ್ತದೆ. ಹಾಗಾಗಿ ಈ ಕಷ್ಟದ ಭಾಗಕ್ಕೆ ಅಲ್ಲಿ ತಾಲೀಮೇ ಸಿಗುವುದಿಲ್ಲ.

ಸಿನಿಮಾ ದೃಶ್ಯದಲ್ಲಿ ವಸ್ತು ಕಣ್ಣಿಗೆ ಬೀಳುತ್ತದೆ, ಪದವನ್ನು ವಿದ್ಯಾರ್ಥಿಯೇ ತರಬೇಕಾಗುತ್ತದೆ. ಇದು ಮೊದಲ ಲಾಭ. ಎರಡನೆಯದು ಇನ್ನೂ ದೊಡ್ಡದು. ಇಂಗ್ಲಿಷಿನ ಕ್ವಾಂಟಿಫೈಯರುಗಳಲ್ಲಿ ಹಲವು, ವಸ್ತು ಎಷ್ಟಿದೆ ಎನ್ನುವುದರ ಜೊತೆಗೆ ಹೇಳುವವರ ಮನಸ್ಸನ್ನೂ ಹೇಳುತ್ತವೆ. ಮೇಜಿನ ಮೇಲಿರುವ ಮೂರು ನಾಣ್ಯಗಳನ್ನು ಒಬ್ಬಳು ‘ಎ ಫ್ಯೂ ಕಾಯಿನ್ಸ್’ ಎನ್ನುತ್ತಾಳೆ, ಇನ್ನೊಬ್ಬ ‘ವೆರಿ ಫ್ಯೂ ಕಾಯಿನ್ಸ್’ ಎನ್ನುತ್ತಾನೆ, ಮಗುವೊಂದು ‘ಪ್ಲೆಂಟಿ’ ಎನ್ನುತ್ತದೆ. ನಾಣ್ಯ ಮಾತ್ರ ಅವೇ ಮೂರು. ಈ ವ್ಯತ್ಯಾಸವನ್ನು ಕರಿಹಲಗೆಯ ಮೇಲೆ ಬರೆದು ತಿಳಿಸುವುದು ಬಹಳ ಕಷ್ಟ. ನಟಿಯ ಮುಖ ಅದನ್ನು ಎರಡೇ ಸೆಕೆಂಡಿನಲ್ಲಿ ತಿಳಿಸುತ್ತದೆ. ಈ ಮಾರ್ಗದರ್ಶಿಯ ಎಲ್ಲ ಹಂತಗಳೂ ಇದರ ಸುತ್ತಲೇ ಇವೆ: ದೃಶ್ಯದಲ್ಲಿ ಪ್ರಮಾಣ ಕಾಣಬೇಕು, ಆ ಪ್ರಮಾಣದ ಬಗ್ಗೆ ಪಾತ್ರಕ್ಕೊಂದು ಅಭಿಪ್ರಾಯವಿರಬೇಕು.

ಹಂತ 1: ಮೊದಲು ವ್ಯಾಕರಣ, ಆಮೇಲೆ ಸಿನಿಮಾ

ಇಷ್ಟವಾದ ಸಿನಿಮಾ ಇಟ್ಟುಕೊಂಡು ಅದರಲ್ಲಿ ಏನು ಕಲಿಸಬಹುದು ಎಂದು ಹುಡುಕಲು ಹೊರಟರೆ ತರಗತಿ ಸಿನಿಮಾ ಚರ್ಚೆಯಾಗಿ ಮುಗಿಯುತ್ತದೆ. ಕಲಿಸಬೇಕಾದ ಒಂದೇ ಒಂದು ಜೋಡಿಯನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ನಾನು ಒಪ್ಪುವ ಅನುಕ್ರಮ ಹೀಗಿದೆ:

- ‘ಹೌ ಮೆನಿ’ ಮತ್ತು ‘ಹೌ ಮಚ್’, ಜೊತೆಯಲ್ಲಿ ‘ದೇರ್ ಈಸ್’, ‘ದೇರ್ ಆರ್’
- ‘ಸಮ್’ ಮತ್ತು ‘ಎನಿ’
- ‘ಎ ಲಾಟ್ ಆಫ್’, ‘ಎ ಫ್ಯೂ’, ‘ಎ ಲಿಟ್ಲ್’
- ‘ಟೂ ಮೆನಿ’, ‘ಟೂ ಮಚ್’, ‘ಇನಫ್’
- ‘ಫ್ಯೂ’ ಮತ್ತು ‘ಎ ಫ್ಯೂ’, ‘ಲಿಟ್ಲ್’ ಮತ್ತು ‘ಎ ಲಿಟ್ಲ್’
- ‘ಆಲ್’, ‘ಮೋಸ್ಟ್’, ‘ನನ್’, ‘ಬೋತ್’, ‘ನೈದರ್’, ‘ಈಚ್’

‘ಫ್ಯೂ’ ಮತ್ತು ‘ಎ ಫ್ಯೂ’ ಒಂದೇ ದಿನ ಬೇಡ. ಮೊದಲು ‘ಎ ಫ್ಯೂ’ ನಾಲಿಗೆಗೆ ಹತ್ತಲಿ. ಎರಡನ್ನೂ ಒಟ್ಟಿಗೆ ಪರಿಚಯಿಸಿದರೆ ‘ಎ’ ಇರುವುದು ಯಾವುದಕ್ಕೆ, ಇಲ್ಲದ್ದು ಯಾವುದಕ್ಕೆ ಎಂಬ ಗೊಂದಲ ವರ್ಷಗಟ್ಟಲೆ ಉಳಿಯುತ್ತದೆ.

ಹಂತ 2: ದೃಶ್ಯ ಹುಡುಕುವುದು

ಒಂದರಿಂದ ಮೂರು ನಿಮಿಷದ ತುಣುಕು ಸಾಕು. ಇಡೀ ಸಿನಿಮಾ ತೋರಿಸುವುದು ಬಿಡುವಿನ ದಿನಕ್ಕೆ ಚೆನ್ನ, ವ್ಯಾಕರಣಕ್ಕಲ್ಲ. ದೃಶ್ಯವನ್ನು ಹಿಂದುಮುಂದಿನ ಕಥೆ ಗೊತ್ತಿಲ್ಲದವರು ನೋಡಿದರೂ ಏನು ನಡೆಯುತ್ತಿದೆ ಎಂದು ಅರ್ಥವಾಗಬೇಕು. ಮುಖ್ಯವಾಗಿ, ಯಾರಿಗೋ ಏನೋ ಬೇಕಾಗಿರಬೇಕು. ಬೇಕಾದದ್ದು ಇದ್ದಾಗ, ಸಾಲದಿದ್ದಾಗ, ಅತಿಯಾದಾಗಲೇ ಪ್ರಮಾಣದ ಮಾತು ಸಹಜವಾಗಿ ಬರುತ್ತದೆ. ಅಡುಗೆಮನೆಯ ಕಪಾಟು ತೆರೆಯುವುದು, ಪ್ರಯಾಣಕ್ಕೆ ಪೆಟ್ಟಿಗೆ ತುಂಬುವುದು, ಔತಣದ ಮೇಜು, ಕಳ್ಳರು ಹಣ ಹಂಚಿಕೊಳ್ಳುವುದು, ದ್ವೀಪದಲ್ಲಿ ಸಿಕ್ಕಿಬಿದ್ದವರು ಉಳಿದ ಸಾಮಾನು ಲೆಕ್ಕ ಹಾಕುವುದು, ಬಾಂಬ್ ಸಿಡಿಯಲು ಉಳಿದಿರುವ ಸಮಯ ನೋಡುವುದು: ಇಂಥವು ಎಲ್ಲ ಬಗೆಯ ಸಿನಿಮಾಗಳಲ್ಲೂ ಸಿಗುತ್ತವೆ. ಕೊನೆಯದು ನನಗೆ ವಿಶೇಷ ಇಷ್ಟ. ‘ಟೈಮ್’ ಎಂಬುದು ಅಳತೆಯ ವಸ್ತು, ‘ಮಿನಿಟ್ಸ್’ ಎಣಿಕೆಯದು. ಒಂದೇ ಗಡಿಯಾರ ತೋರಿಸಿ ‘ವಿ ಡೋಂಟ್ ಹ್ಯಾವ್ ಮಚ್ ಟೈಮ್’, ‘ವಿ ಓನ್ಲಿ ಹ್ಯಾವ್ ಎ ಫ್ಯೂ ಮಿನಿಟ್ಸ್’ ಎರಡನ್ನೂ ಹೇಳಿಸಬಹುದು.

ಒಂದು ವಿಷಯ ಬಹಳ ಜನಕ್ಕೆ ಹೊಳೆಯುವುದಿಲ್ಲ: ನೀವು ಕಲಿಸಬೇಕಾದ ಪದ ಸಂಭಾಷಣೆಯಲ್ಲಿ ಇರಲೇಬೇಕೆಂದಿಲ್ಲ. ಮಾತೇ ಇಲ್ಲದ ದೃಶ್ಯ ಇನ್ನೂ ಒಳ್ಳೆಯದು, ಮಾತನ್ನೆಲ್ಲ ವಿದ್ಯಾರ್ಥಿಗಳೇ ಆಡಬೇಕಾಗುತ್ತದೆ. ಮೂಕಿ ಚಿತ್ರಗಳು, ಮಾತಿಲ್ಲದ ಅನಿಮೇಷನ್ ಕಿರುಚಿತ್ರಗಳು ಆರಂಭಿಕ ಹಂತದವರಿಗೆ ಬಲು ಉಪಯುಕ್ತ.

ಪದ ಸಂಭಾಷಣೆಯಲ್ಲೇ ಬೇಕು ಎನ್ನುವವರಿಗೆ ಸಬ್‌ಟೈಟಲ್ ಫೈಲ್ ಸಹಾಯಕ್ಕೆ ಬರುತ್ತದೆ. ಎಸ್‌ಆರ್‌ಟಿ ಮಾದರಿಯ ಸಬ್‌ಟೈಟಲ್ ಬರೀ ಪಠ್ಯ. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಕ್ರಮಸಂಖ್ಯೆ, ಕೆಳಗೆ ಸಮಯ, ಅದರ ಕೆಳಗೆ ಮಾತು ಕಾಣುತ್ತದೆ. ಅಲ್ಲಿ ‘ಹೌ ಮಚ್’ ಅಥವಾ ‘ಇನಫ್’ ಎಂದು ಹುಡುಕಿದರೆ ಆ ಪದ ಬರುವ ಪ್ರತಿ ಜಾಗವೂ ನಿಮಿಷ, ಸೆಕೆಂಡ್ ಸಮೇತ ಸಿಗುತ್ತದೆ. ಒಂದೇ ನಿಮಿಷದೊಳಗೆ ಎರಡು ಮೂರು ಕಡೆ ಬಂದಿದ್ದರೆ ಆ ದೃಶ್ಯ ತೆರೆದು ನೋಡಿ. ಸಬ್‌ಟೈಟಲನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ. ಓದಲು ಅನುಕೂಲವಾಗಲೆಂದು ಅದರಲ್ಲಿ ಮಾತನ್ನು ಮೊಟಕು ಮಾಡಿರುತ್ತಾರೆ. ನಟ ನಿಜಕ್ಕೂ ಏನೆಂದ ಎಂದು ಕಿವಿಯಿಂದಲೇ ಖಚಿತ ಮಾಡಿಕೊಳ್ಳಿ.

ಹಂತ 3: ತಯಾರಿ

ಆರಿಸಿದ ದೃಶ್ಯವನ್ನು ಪೂರ್ತಿ ನೋಡಿ. ಅದರ ಆಚೀಚೆಯ ಒಂದು ನಿಮಿಷವನ್ನೂ ನೋಡಿ. ನಿಲ್ಲಿಸಬೇಕಾದ ಕಡೆ ಕೈ ತಡವಾಗಿ, ಮಕ್ಕಳಿಗೆ ತಕ್ಕದ್ದಲ್ಲದ ದೃಶ್ಯ ಪರದೆ ಮೇಲೆ ಬಂದರೆ ಮುಜುಗರ ಎಲ್ಲರಿಗೂ.

ನಂತರ ಪೆನ್ನು ಹಿಡಿದು ಕುಳಿತು, ಈ ದೃಶ್ಯದ ಬಗ್ಗೆ ಬೇಕಾದ ಪದ ಬಳಸಿ ಹತ್ತು ವಾಕ್ಯ ನೀವೇ ಬರೆಯಿರಿ. ಸಲೀಸಾಗಿ ಬಂದರೆ ದೃಶ್ಯ ಸರಿಯಾಗಿದೆ. ನಾಲ್ಕಕ್ಕೇ ನಿಂತರೆ ಬೇರೆ ದೃಶ್ಯ ಹುಡುಕಿ, ನಿಮಗೆ ಬಾರದ ವಾಕ್ಯ ವಿದ್ಯಾರ್ಥಿಗಳಿಗೂ ಬರುವುದಿಲ್ಲ. ಆ ಹತ್ತರಲ್ಲಿ ಕೆಲವನ್ನು ಬೇಕೆಂದೇ ಸುಳ್ಳು ಮಾಡಿ: ಬಾಟಲಿಯಲ್ಲಿ ಸ್ವಲ್ಪವೇ ನೀರಿದ್ದರೂ ‘ದೇರ್ ಈಸ್ ಎ ಲಾಟ್ ಆಫ್ ವಾಟರ್’ ಎಂದು ಬರೆಯಿರಿ. ಸುಳ್ಳನ್ನು ತಿದ್ದುವ ಉತ್ಸಾಹದಲ್ಲಿ ವಿದ್ಯಾರ್ಥಿಗಳು ತಾವಾಗಿಯೇ ಪೂರ್ಣ ವಾಕ್ಯ ಆಡುತ್ತಾರೆ.

ನಿಲ್ಲಿಸಬೇಕಾದ ಸಮಯಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಕಂಪ್ಯೂಟರಿನಲ್ಲಿ ಉಚಿತವಾಗಿ ಸಿಗುವ ವಿಎಲ್‌ಸಿ ಪ್ಲೇಯರ್ ಈ ಕೆಲಸಕ್ಕೆ ಅನುಕೂಲ. ಅದರಲ್ಲಿ ಸ್ಪೇಸ್ ಒತ್ತಿದರೆ ಚಿತ್ರ ನಿಲ್ಲುತ್ತದೆ, ‘ಇ’ ಒತ್ತಿದರೆ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ. ಸಬ್‌ಟೈಟಲ್ ಮಾತಿಗಿಂತ ಹಿಂದುಮುಂದಾಗಿದ್ದರೆ ‘ಜಿ’ ಮತ್ತು ‘ಎಚ್’ ಒತ್ತಿ ಸರಿಮಾಡಬಹುದು.

ಹಂತ 4: ತರಗತಿ, ಒಂದು ದೃಶ್ಯದೊಂದಿಗೆ

ದೃಶ್ಯ ಹೀಗಿದೆ ಎಂದುಕೊಳ್ಳಿ. ಮರುಭೂಮಿಯ ನಡುವೆ ಪೆಟ್ರೋಲ್ ಮುಗಿದು ಕಾರು ನಿಂತಿದೆ. ಇಬ್ಬರು ಕೆಳಗಿಳಿದು ಚೀಲವನ್ನು ಬಾನೆಟ್ ಮೇಲೆ ಸುರಿಯುತ್ತಾರೆ. ತಳದಲ್ಲಿ ಎರಡು ಗುಟುಕು ನೀರಿರುವ ಬಾಟಲಿ, ಮೂರು ಬಿಸ್ಕತ್ತು, ಒಂದು ಬೆಂಕಿಪೊಟ್ಟಣ, ಸಿಗ್ನಲ್ ಇಲ್ಲದ ಫೋನ್, ಕಂತೆ ಕಂತೆ ನೋಟು. ಒಬ್ಬಳು ಬಾಟಲಿಯನ್ನು ಬಿಸಿಲಿಗೆ ಹಿಡಿದು ನಗುತ್ತಾಳೆ. ಇನ್ನೊಬ್ಬ ತಲೆಯ ಮೇಲೆ ಕೈಹೊತ್ತು ಕುಳಿತುಕೊಳ್ಳುತ್ತಾನೆ.

ಮೊದಲ ಸಲ ದನಿ ಪೂರ್ತಿ ಆರಿಸಿ ತೋರಿಸಿ. ದನಿಯಿದ್ದರೆ ಎಲ್ಲರೂ ಸಂಭಾಷಣೆ ಹಿಡಿಯಲು ಹೆಣಗುತ್ತಾರೆ, ಬಿಸ್ಕತ್ತು ಎಷ್ಟಿತ್ತು ಎಂದು ಯಾರೂ ನೋಡಿರುವುದಿಲ್ಲ.

ಪರದೆ ಆರಿಸಿ. ಜೋಡಿಗಳಲ್ಲಿ ಕೂರಿಸಿ, ಬಾನೆಟ್ ಮೇಲೆ ಏನೇನಿತ್ತು ಎಂದು ನೆನಪಿನಿಂದ ಹೇಳಲು ಬಿಡಿ. ತಪ್ಪು ಬರುತ್ತದೆ, ಬರಲಿ. ‘ಮೆನಿ ಮನಿ’ ಎಂದವರನ್ನು ಈಗಲೇ ನಿಲ್ಲಿಸಬೇಡಿ, ಗುರುತು ಹಾಕಿಕೊಳ್ಳಿ ಸಾಕು. ಈ ತೊದಲು ಮಾತಿನ ಹಂತ ಅತ್ಯಗತ್ಯ. ಕೆನಡಾದಲ್ಲಿ ಶಾಲೆಯ ಪಾಠವನ್ನೆಲ್ಲ ಫ್ರೆಂಚ್‌ನಲ್ಲೇ ಕೇಳಿ ಬೆಳೆದ ಮಕ್ಕಳು ಆಡುವಾಗ, ಬರೆಯುವಾಗ ಮಾತ್ರ ವ್ಯಾಕರಣದಲ್ಲಿ ಹಿಂದುಳಿದಿರುವುದನ್ನು ಗಮನಿಸಿದ ಭಾಷಾಕಲಿಕೆಯ ಸಂಶೋಧಕಿ ಮೆರಿಲ್ ಸ್ವೇನ್, ಭಾಷೆಯನ್ನು ಕೇಳಿದರೆ ಸಾಲದು, ಆಡಲು ಹೊರಟಾಗಲೇ ತನಗೇನು ಬಾರದು ಎಂಬುದು ಕಲಿಯುವವರಿಗೆ ಗೊತ್ತಾಗುತ್ತದೆ ಎಂದು 1985ರಿಂದ ವಾದಿಸುತ್ತ ಬಂದರು. ಅದೇ ಕ್ಷೇತ್ರದ ಸಂಶೋಧಕ ರಿಚರ್ಡ್ ಶ್ಮಿಟ್ 1990ರಲ್ಲಿ ಇದಕ್ಕೆ ಹೊಂದುವ ಇನ್ನೊಂದು ಮಾತು ಹೇಳಿದರು: ಕಿವಿಗೆ ಬಿದ್ದದ್ದರಲ್ಲಿ ಗಮನಕ್ಕೆ ಬಂದದ್ದು ಮಾತ್ರ ಕಲಿಕೆಗೆ ಒದಗುತ್ತದೆ. ಮೊದಲು ತಡವರಿಸಿದವರ ಕಿವಿ ಆಮೇಲೆ ಸರಿಯಾದ ರೂಪಕ್ಕೆ ತಾನಾಗಿ ತೆರೆದುಕೊಳ್ಳುತ್ತದೆ.

ಈಗ ನಿಮ್ಮ ವಾಕ್ಯಗಳ ಹಾಳೆ ಕೊಡಿ. ‘ದೇರ್ ಈಸ್ ಎ ಲಿಟ್ಲ್ ವಾಟರ್.’ ‘ದೇರ್ ಆರ್ ಎ ಫ್ಯೂ ಬಿಸ್ಕಿಟ್ಸ್.’ ‘ದೇ ಹ್ಯಾವ್ ಎ ಲಾಟ್ ಆಫ್ ಮನಿ.’ ‘ದೇ ಡೋಂಟ್ ಹ್ಯಾವ್ ಎನಿ ಪೆಟ್ರೋಲ್.’ ‘ದೇರ್ ಈಸ್ ನೋ ಸಿಗ್ನಲ್.’ ಜೊತೆಗೆ ಎರಡು ಮೂರು ಸುಳ್ಳು. ಎರಡನೆಯ ಸಲ ತೋರಿಸುವಾಗ ಸರಿ, ತಪ್ಪು ಗುರುತಿಸಿ ತಪ್ಪನ್ನು ತಿದ್ದಲಿ. ತಿದ್ದಿ ಮುಗಿದ ಮೇಲೆ ಅವೇ ವಾಕ್ಯಗಳ ನಾಮಪದಗಳನ್ನು ಎರಡು ಸಾಲಾಗಿ ಬರೆಯಿಸಿ. ‘ಈಸ್’ ಜೊತೆ ಬರುವಂಥವು ಒಂದು ಕಡೆ, ‘ಆರ್’ ಜೊತೆ ಬರುವಂಥವು ಇನ್ನೊಂದು ಕಡೆ. ನಿಯಮವನ್ನು ನೀವು ಹೇಳುವ ಮೊದಲೇ ಯಾರಾದರೂ ಹೇಳುತ್ತಾರೆ.

ಇಲ್ಲೊಂದು ತಕರಾರು ಖಂಡಿತ ಏಳುತ್ತದೆ: ಹಣವನ್ನು ಎಣಿಸುತ್ತೇವಲ್ಲ, ‘ಮನಿ’ ಏಕೆ ಎಣಿಸಲಾಗದ ಗುಂಪಿನಲ್ಲಿದೆ? ದೃಶ್ಯವನ್ನು ಆ ಕಂತೆಯ ಮೇಲೆ ನಿಲ್ಲಿಸಿ. ನಾವು ಎಣಿಸುವುದು ನೋಟುಗಳನ್ನು. ಅದಕ್ಕೆ ‘ಮೆನಿ ನೋಟ್ಸ್’ ಸರಿ. ‘ಮನಿ’ ಎಂಬುದು ಒಟ್ಟು ಮೊತ್ತದ ಹೆಸರು, ‘ಒನ್ ಮನಿ, ಟೂ ಮನೀಸ್’ ಎಂದು ಯಾರೂ ಎನ್ನುವುದಿಲ್ಲ. ಇದೇ ರೀತಿ ‘ಲಗೇಜ್’ ಅಳತೆಯದು, ‘ಬ್ಯಾಗ್ಸ್’ ಎಣಿಕೆಯದು. ‘ಫರ್ನಿಚರ್’ ಅಳತೆಯದು, ‘ಚೇರ್ಸ್’ ಎಣಿಕೆಯದು. ‘ಅಡ್ವೈಸ್’, ‘ಇನ್‌ಫರ್ಮೇಷನ್’, ‘ನ್ಯೂಸ್’, ‘ಟ್ರಾಫಿಕ್’ ಕೂಡ ಅಳತೆಯವೇ. ‘ಫರ್ನಿಚರ್ಸ್’, ‘ಅಡ್ವೈಸಸ್’ ಎಂಬ ರೂಪಗಳು ನಮ್ಮಲ್ಲಿ ಎಷ್ಟು ಬೇರೂರಿವೆ ಎಂದರೆ ಪ್ರತ್ಯೇಕವಾಗಿ ಕಣ್ಣಿಗೆ ತೋರಿಸದೆ ಅವು ಕದಲುವುದಿಲ್ಲ.

ಕೊನೆಗೆ ದನಿ ಹಾಕಿ ತೋರಿಸಿ. ಆಮೇಲೆ ಮತ್ತೆ ದನಿ ಆರಿಸಿ ಇಬ್ಬರನ್ನು ಕರೆದು, ನಗುವ ಪಾತ್ರಕ್ಕೂ ತಲೆಹೊತ್ತ ಪಾತ್ರಕ್ಕೂ ಮಾತು ಕೊಡಿಸಿ. ನೀವು ಇಡೀ ತರಗತಿಯನ್ನು ತಯಾರು ಮಾಡಿದ್ದು ಈ ಡಬ್ಬಿಂಗ್‌ಗಾಗಿ. ಇದಕ್ಕೆ ಸಮಯ ಉಳಿಸಿಕೊಳ್ಳಿ.

‘ಎ’ ಎಂಬ ಪುಟ್ಟ ಅಕ್ಷರ

ಮುಂದಿನ ವಾರಗಳಲ್ಲಿ ಅದೇ ದೃಶ್ಯಕ್ಕೆ ಮರಳಿ ‘ಫ್ಯೂ’ ಮತ್ತು ‘ಎ ಫ್ಯೂ’, ‘ಲಿಟ್ಲ್’ ಮತ್ತು ‘ಎ ಲಿಟ್ಲ್’ ಕಲಿಸಬಹುದು. ನಗುವವಳ ಮುಖದಲ್ಲಿ ನಿಲ್ಲಿಸಿ: ‘ವಿ ಹ್ಯಾವ್ ಎ ಲಿಟ್ಲ್ ವಾಟರ್.’ ಇದೆ, ಸದ್ಯಕ್ಕೆ ಸಾಕು. ತಲೆಹೊತ್ತವನ ಮುಖದಲ್ಲಿ ನಿಲ್ಲಿಸಿ: ‘ವಿ ಹ್ಯಾವ್ ಲಿಟ್ಲ್ ವಾಟರ್.’ ಇದ್ದೂ ಇಲ್ಲದಂತೆ. ಬಾಟಲಿಯಲ್ಲಿ ಒಂದು ಹನಿಯೂ ಹೆಚ್ಚುಕಡಿಮೆ ಆಗಿಲ್ಲ.

ತೊಂದರೆ ಏನೆಂದರೆ, ಸಹಜ ವೇಗದ ಮಾತಿನಲ್ಲಿ ಈ ‘ಎ’ ಹೆಚ್ಚುಕಡಿಮೆ ಕೇಳಿಸುವುದೇ ಇಲ್ಲ, ಮೊಟಕಾದ ‘ಅ’ಕಾರವಾಗಿ ಹಿಂದಿನ ಪದಕ್ಕೆ ಅಂಟಿಕೊಂಡಿರುತ್ತದೆ. ‘ಎ ಲಾಟ್ ಆಫ್’ ಕೂಡ ‘ಅಲಾಟ’ ಎಂದಂತೆ ಕೇಳುತ್ತದೆ, ‘ಸಮ್’ನ ಸ್ವರ ಕರಗಿ ‘ಸ್ಮ್’ ಆಗುತ್ತದೆ. ಆದ್ದರಿಂದ ಕಿವಿಯೊಂದನ್ನೇ ನಂಬಿ ಎರಡನ್ನು ಬೇರ್ಪಡಿಸಲು ಹೇಳಬೇಡಿ. ಮೊದಲು ಮುಖ ನೋಡಿ ಯಾವುದು ಬರಬಹುದು ಎಂದು ಊಹಿಸಲಿ, ಆಮೇಲೆ ಆ ಒಂದು ಸಾಲನ್ನು ಮತ್ತೆ ಮತ್ತೆ ಕೇಳಿಸಿ. ಆಡುಮಾತಿನಲ್ಲಿ ಬರಿಯ ‘ಫ್ಯೂ’, ‘ಲಿಟ್ಲ್’ ಅಪರೂಪ, ಸ್ವಲ್ಪ ಗ್ರಾಂಥಿಕ. ಪಾತ್ರಗಳು ‘ನಾಟ್ ಮೆನಿ’, ‘ನಾಟ್ ಮಚ್’, ‘ಹಾರ್ಡ್ಲಿ ಎನಿ’ ಎನ್ನುವುದೇ ಹೆಚ್ಚು. ಆಡಲು ಈ ರೂಪಗಳನ್ನು ಕೊಡಿ. ‘ಫ್ಯೂ’ ಓದಿದಾಗ, ಕೇಳಿದಾಗ ಅರ್ಥವಾದರೆ ಸಾಕು.

‘ಸಮ್’, ‘ಎನಿ’: ಪಠ್ಯಪುಸ್ತಕದ ನಿಯಮ ಸಾಲದು

‘ಹೌದು ಎನ್ನುವ ವಾಕ್ಯಕ್ಕೆ ಸಮ್, ಇಲ್ಲ ಎನ್ನುವುದಕ್ಕೂ ಪ್ರಶ್ನೆಗೂ ಎನಿ’ ಎಂಬ ನಿಯಮ ಮೊದಲ ದೃಶ್ಯದಲ್ಲೇ ಮುರಿಯುತ್ತದೆ. ಯಾರೋ ಬಾಗಿಲು ತೆರೆದು ಅತಿಥಿಗೆ ‘ವುಡ್ ಯು ಲೈಕ್ ಸಮ್ ಕಾಫಿ?’ ಎನ್ನುತ್ತಾರೆ. ಪ್ರಶ್ನೆಯೇ, ಆದರೂ ‘ಸಮ್’. ಕೊಡುವಾಗ, ಕೇಳಿ ಪಡೆಯುವಾಗ, ಉತ್ತರ ‘ಹೌದು’ ಎಂದೇ ಬರಲಿ ಎಂದು ಬಯಸುವಾಗ ‘ಸಮ್’ ಸಹಜ. ಕಾಫಿ ಇದೆಯೋ ಇಲ್ಲವೋ ಗೊತ್ತಿಲ್ಲದೆ ವಿಚಾರಿಸುವವರು ‘ಈಸ್ ದೇರ್ ಎನಿ ಕಾಫಿ?’ ಎನ್ನುತ್ತಾರೆ. ಅತಿಥಿ ಸತ್ಕಾರದ ದೃಶ್ಯವೊಂದನ್ನೂ ಪತ್ತೇದಾರಿ ವಿಚಾರಣೆಯೊಂದನ್ನೂ ಅಕ್ಕಪಕ್ಕ ತೋರಿಸಿ: ‘ಡಿಡ್ ಯು ಹಿಯರ್ ಎನಿ ನಾಯ್ಸ್?’ ಒಬ್ಬರ ಕೈಯಲ್ಲಿ ಕಪ್ಪು, ಇನ್ನೊಬ್ಬರ ಕೈಯಲ್ಲಿ ನೋಟ್‌ಬುಕ್. ವ್ಯತ್ಯಾಸ ತಿಳಿಯಲು ಅಷ್ಟು ಸಾಕು. ‘ಯಾವುದಾದರೂ ಸರಿ’ ಎಂಬ ಅರ್ಥದ ‘ಎನಿ’ ಹೌದೆನ್ನುವ ವಾಕ್ಯದಲ್ಲೂ ಬರುತ್ತದೆ, ‘ಟೇಕ್ ಎನಿ ಸೀಟ್’ ಎಂಬಂತೆ.

ಗುಂಪಿನ ದೃಶ್ಯಗಳು

‘ಆಲ್’, ‘ಮೋಸ್ಟ್’, ‘ನನ್’ ಕಲಿಸಲು ಕಾಯುವ ಕೋಣೆ, ಮದುವೆ, ವಿಮಾನದ ಒಳಭಾಗ ಹೇಳಿಮಾಡಿಸಿದಂಥವು. ಒಂದು ಫ್ರೇಮ್ ನಿಲ್ಲಿಸಿ ‘ಮೋಸ್ಟ್ ಆಫ್ ದ ಪ್ಯಾಸೆಂಜರ್ಸ್ ಆರ್ ಸ್ಲೀಪಿಂಗ್’, ‘ನನ್ ಆಫ್ ದೆಮ್ ಆರ್ ರೀಡಿಂಗ್’ ಎಂದು ಹೇಳಿಸಿ. ‘ಮೋಸ್ಟ್ ಆಫ್ ಪೀಪಲ್’ ಎಂಬ ತಪ್ಪು ಇಲ್ಲೇ ತಲೆ ಎತ್ತುತ್ತದೆ. ಪ್ರಪಂಚದ ಜನರ ಮಾತಾದರೆ ‘ಮೋಸ್ಟ್ ಪೀಪಲ್’, ಪರದೆಯಲ್ಲಿ ಕಾಣುವ ಈ ಜನರಾದರೆ ‘ಮೋಸ್ಟ್ ಆಫ್ ದ ಪೀಪಲ್’. ಪರದೆಯತ್ತ ಬೆರಳು ತೋರಿಸಲು ಆದರೆ ‘ಆಫ್ ದ’ ಬೇಕು ಎಂದು ಹೇಳಿಕೊಟ್ಟರೆ ಮಕ್ಕಳು ಮರೆಯುವುದಿಲ್ಲ. ‘ಬೋತ್’, ‘ನೈದರ್’ಗೆ ಇಬ್ಬರೇ ಇರುವ ದೃಶ್ಯ ಬೇಕು. ‘ಈಚ್’ ಆದಮೇಲೆ ಏಕವಚನ ಎಂಬುದಕ್ಕೆ ಕಳ್ಳರು ಪಾಲು ಹಂಚುವ ದೃಶ್ಯಕ್ಕಿಂತ ಒಳ್ಳೆಯದು ಇಲ್ಲ: ಒಬ್ಬೊಬ್ಬರ ಮುಂದೆ ಒಂದೊಂದು ಕಂತೆ.

‘ಟೂ ಮಚ್’ ಕಲಿಸುವಾಗ ‘ವೆರಿ ಮಚ್’ ಜೊತೆ ಬೆರೆಯದಂತೆ ನೋಡಿಕೊಳ್ಳಿ. ‘ಟೂ’ ಎಂದರೆ ತೊಂದರೆಯಾಗುವಷ್ಟು. ಮುಚ್ಚಲಾಗದ ಪೆಟ್ಟಿಗೆಯ ಮೇಲೆ ಕುಳಿತು ಒತ್ತುವ ದೃಶ್ಯವಿದ್ದರೆ ವಿವರಣೆಯೇ ಬೇಡ. ‘ಇನಫ್’ನ ಜಾಗವೂ ಅಲ್ಲೇ ಸಿಗುತ್ತದೆ: ‘ನಾಟ್ ಇನಫ್ ರೂಮ್’, ಆದರೆ ‘ನಾಟ್ ಬಿಗ್ ಇನಫ್’. ನಾಮಪದಕ್ಕೆ ಮುಂಚೆ, ಗುಣವಾಚಕದ ಆಮೇಲೆ.

ತಿದ್ದುವುದು

ಮಾತನಾಡುತ್ತಿರುವಾಗ ಮಧ್ಯೆ ತಿದ್ದುವುದಕ್ಕೆ ನನ್ನ ವಿರೋಧವಿದೆ. ಕೇಳಿಸಿಕೊಂಡ ತಪ್ಪುಗಳನ್ನು ಹೆಸರಿಲ್ಲದೆ ಬರೆದು, ಡಬ್ಬಿಂಗ್ ಮುಗಿದ ಮೇಲೆ ಅದೇ ಫ್ರೇಮ್ ಎದುರು ನಿಲ್ಲಿಸಿ ಎಲ್ಲರೂ ಸೇರಿ ಸರಿಪಡಿಸಲಿ. ಜೊತೆಗೆ, ಸಿನಿಮಾ ಪಾತ್ರಗಳೇ ‘ತಪ್ಪು’ ಮಾತಾಡುತ್ತವೆ ಎಂಬುದಕ್ಕೆ ಸಿದ್ಧರಿರಿ. ‘ಐ ಡೋಂಟ್ ಹ್ಯಾವ್ ನೋ ಮನಿ’, ‘ಲೆಸ್ ಪೀಪಲ್’ ಎಂಬ ಮಾತುಗಳು ಧಾರಾಳವಾಗಿ ಕೇಳಿಸುತ್ತವೆ. ಅವನ್ನು ಕೆಟ್ಟ ಇಂಗ್ಲಿಷ್ ಎಂದು ಬದಿಗೆ ಸರಿಸದಿರಿ. ಇದು ಅವರಾಡುವ ರೂಢಿಯ ಮಾತು, ಪರೀಕ್ಷೆಯಲ್ಲಿ ‘ಐ ಡೋಂಟ್ ಹ್ಯಾವ್ ಎನಿ ಮನಿ’, ‘ಫ್ಯೂವರ್ ಪೀಪಲ್’ ಬರೆಯಿರಿ ಎಂದು ನೇರವಾಗಿ ಹೇಳಿ.

ಬೇರೆ ವ್ಯಾಕರಣಕ್ಕೂ ಇದೇ ದಾರಿ

ಓಡುತ್ತಿರುವ ದೃಶ್ಯಕ್ಕೆ ವೀಕ್ಷಕ ವಿವರಣೆ ಕೊಡಿಸಿದರೆ ಪ್ರೆಸೆಂಟ್ ಕಂಟಿನ್ಯುಯಸ್ ಆಯಿತು. ಅಪರಾಧ ನಡೆದ ಕೋಣೆ ತೋರಿಸಿದರೆ ಪ್ಯಾಸಿವ್: ‘ದ ವಿಂಡೋ ಹ್ಯಾಸ್ ಬೀನ್ ಬ್ರೋಕನ್.’ ಯಾರು ಒಡೆದರು ಎಂದು ಗೊತ್ತಿಲ್ಲದಿರುವುದೇ ಅಲ್ಲಿ ಪ್ಯಾಸಿವ್ ಬಳಸಲು ಕಾರಣ. ಮುಂದೇನಾಗುತ್ತದೆ ಎನ್ನುವ ಕಡೆ ನಿಲ್ಲಿಸಿದರೆ ‘ಗೋಯಿಂಗ್ ಟು’, ಹಿಂದೇನಾಗಿರಬಹುದು ಎಂದು ಕೇಳಿದರೆ ‘ಮಸ್ಟ್ ಹ್ಯಾವ್’, ‘ಮೈಟ್ ಹ್ಯಾವ್’. ಒಂದು ಜೋಡಿಯಲ್ಲಿ ಒಬ್ಬರು ಪರದೆಗೆ ಬೆನ್ನು ಮಾಡಿ ಕುಳಿತು, ಇನ್ನೊಬ್ಬರು ಹೇಳಿದ್ದನ್ನು ಆಮೇಲೆ ತರಗತಿಗೆ ತಿಳಿಸಿದರೆ ರಿಪೋರ್ಟೆಡ್ ಸ್ಪೀಚ್‌ಗೆ ನಿಜವಾದ ಕಾರಣ ಸಿಗುತ್ತದೆ.

ಕಲಿತರೇ ಎಂದು ತಿಳಿಯುವುದು

ಅದೇ ದೃಶ್ಯದ ಮೇಲೆ ಪರೀಕ್ಷೆ ಕೊಟ್ಟರೆ ನೆನಪಿನ ಪರೀಕ್ಷೆಯಾಗುತ್ತದೆ. ಒಂದೆರಡು ವಾರ ಬಿಟ್ಟು, ಅವರು ನೋಡಿರದ ಬೇರೆ ದೃಶ್ಯವನ್ನು ದನಿಯಿಲ್ಲದೆ ತೋರಿಸಿ, ಆರು ವಾಕ್ಯ ಬರೆಯಲು ಹೇಳಿ. ಪದಗಳ ಪಟ್ಟಿ ಕೊಡಬೇಡಿ. ಅಂಕ ಕೊಡುವಾಗ ಎರಡನ್ನು ಬೇರೆ ಬೇರೆಯಾಗಿ ನೋಡಿ: ನಾಮಪದಕ್ಕೆ ಹೊಂದುವ ಪದ ಹಾಕಿದ್ದಾರೆಯೇ, ಪಾತ್ರದ ಮನಸ್ಥಿತಿಗೆ ಹೊಂದುವ ಪದ ಹಾಕಿದ್ದಾರೆಯೇ. ಮೊದಲನೆಯದು ಸರಿಯಿದ್ದು ಎರಡನೆಯದು ತಪ್ಪಿದ್ದರೆ ಆ ವಿದ್ಯಾರ್ಥಿಗೆ ‘ಎ ಫ್ಯೂ’, ‘ಫ್ಯೂ’ ಬಗೆಯ ದೃಶ್ಯ ಇನ್ನೊಮ್ಮೆ ಬೇಕು. ಮೊದಲನೆಯದೇ ತಪ್ಪಿದ್ದರೆ ಅಡುಗೆಮನೆಯ ಕಪಾಟಿನ ದೃಶ್ಯಕ್ಕೆ, ಎರಡು ಸಾಲಿನ ಪಟ್ಟಿಗೆ ಮರಳಿ.